ಹನ್ನೆರಡರ ಗೆಳೆಯರನ್ನು ಅಗಲಿಸಿದ್ದು ಯಾವುದು? ‘ಸ್ಟ್ಯಾಂಡ್ ಬೈ ಮಿ’ ಚಿತ್ರದ ಬಗ್ಗೆ ಒಂದು ಚರ್ಚೆ

ಉಡುಪಿ, ನಿವೃತ್ತ ಪ್ರೌಢಶಾಲಾ ಅಧ್ಯಾಪಕ

ರಾಬ್ ರೈನರ್ ನಿರ್ದೇಶಿಸಿ 1986ರಲ್ಲಿ ತೆರೆಕಂಡ ‘ಸ್ಟ್ಯಾಂಡ್ ಬೈ ಮಿ’ ಚಿತ್ರದ ಮಾತು ಬಂದಾಗಲೆಲ್ಲ ‘ಬಾಲ್ಯದ ಗೆಳೆತನ ಎಷ್ಟು ಚೆಂದ, ದೊಡ್ಡವರಾದ ಮೇಲೆ ಅಂಥದ್ದು ಸಿಗುವುದಿಲ್ಲ’ ಎಂಬಲ್ಲಿಗೇ ಚರ್ಚೆ ನಿಂತುಬಿಡುವುದನ್ನು ಗಮನಿಸಿದ್ದೇನೆ. ಚಿತ್ರ ಮುಗಿಯುವ ಹೊತ್ತಿಗೆ ಕಥೆ ಹೇಳುವವನು ಹೆಚ್ಚುಕಡಿಮೆ ಇದೇ ಅರ್ಥದ ಒಂದು ಸಾಲನ್ನು ಬೆರಳಚ್ಚಿಸುತ್ತಾನೆ, ನಿಜ. ಆದರೆ ಆ ಸಾಲು ಬರುವ ಮೊದಲು ಚಿತ್ರ ತೋರಿಸುತ್ತ ಬಂದದ್ದು ಬೇರೆಯೇ ಒಂದು ಸಂಗತಿ, ಅದರ ಕಡೆಗೆ ನಮ್ಮ ಗಮನ ಹೋಗುವುದು ಕಡಿಮೆ. ಗೆಳೆತನ ತಾನಾಗಿ ಬಾಡುವುದಿಲ್ಲ, ಅದನ್ನು ಶಾಲೆಯೂ ಊರೂ ಸೇರಿ ಜರಡಿ ಹಿಡಿಯುತ್ತವೆ ಎನ್ನುವುದೇ ಆ ಸಂಗತಿ ಎಂದು ನನ್ನ ಅಭಿಪ್ರಾಯ.

ನೋಡದವರಿಗಾಗಿ ಕಥೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. 1959ರ ಬೇಸಿಗೆ ರಜೆಯ ಕೊನೆಯ ದಿನಗಳು. ಅಮೆರಿಕದ ಆರಿಗನ್ ರಾಜ್ಯದ ಕ್ಯಾಸಲ್ ರಾಕ್ ಎಂಬ ಕಲ್ಪಿತ ಊರಿನ ನಾಲ್ವರು ಹುಡುಗರು, ರೈಲು ಬಡಿದು ಸತ್ತ ರೇ ಬ್ರೋವರ್ ಎಂಬ ತಮ್ಮದೇ ಪ್ರಾಯದ ಹುಡುಗನ ಹೆಣ ನೋಡಲು ಹಳಿಗುಂಟ ನಡೆದು ಹೊರಡುತ್ತಾರೆ. ಕಥೆ ಕಟ್ಟುವ ಗೋರ್ಡಿ (ದೊಡ್ಡವನಾದ ಮೇಲೆ ಈ ಕಥೆ ಹೇಳುವವನೂ ಇವನೇ), ಕಳ್ಳರ ಮನೆತನದವನೆಂದು ಹೆಸರು ಕೆಟ್ಟ ಕ್ರಿಸ್, ತಂದೆಯೇ ಕಿವಿ ಸುಟ್ಟ ಟೆಡ್ಡಿ, ಬೋಳೆ ಸ್ವಭಾವದ ವರ್ನ್. ಮೂಲ ಸ್ಟೀಫನ್ ಕಿಂಗ್ ಅವರ ‘ದಿ ಬಾಡಿ’ ಎಂಬ ನೀಳ್ಗತೆ, ಅದು 1982ರಲ್ಲಿ ಪ್ರಕಟವಾದದ್ದು.

ದಾರಿಯಲ್ಲಿ ಕ್ರಿಸ್ ಮತ್ತು ಗೋರ್ಡಿ ಹಿಂದೆ ಉಳಿದು ಮಾತನಾಡುವ ಒಂದು ದೃಶ್ಯವಿದೆ. ರಜೆ ಮುಗಿದ ಮೇಲೆ ದೊಡ್ಡ ಶಾಲೆ. ನೀನು ಕಾಲೇಜಿಗೆ ಹೋಗುವವರ ಪಾಠಕ್ಕೆ ಸೇರುತ್ತೀಯ, ನಾನು, ಟೆಡ್ಡಿ, ವರ್ನ್ ಕೈಕೆಲಸದ ತರಗತಿಯಲ್ಲಿ ಬೂದಿಬಟ್ಟಲು ಮಾಡುತ್ತ ಕೂರುತ್ತೇವೆ ಎನ್ನುತ್ತಾನೆ ಕ್ರಿಸ್. ಹಾಗಾದರೆ ನಾನೂ ನಿಮ್ಮ ಜೊತೆಗೇ ಸೇರುತ್ತೇನೆ ಎಂದು ಗೋರ್ಡಿ ಹೇಳಿದರೆ ಕ್ರಿಸ್ ಮೆಚ್ಚುವುದಿಲ್ಲ, ಸಿಡಿದು ಬೈಯುತ್ತಾನೆ. ನಿನ್ನ ಅಪ್ಪನಿಗೆ ನಿನ್ನ ಮೇಲೆ ನಿಗಾ ಇಲ್ಲದಿದ್ದರೆ ಆ ಕೆಲಸ ನಾನು ಮಾಡಬೇಕಾಗುತ್ತದೆ ಎನ್ನುವಷ್ಟು ದೂರ ಹೋಗುತ್ತಾನೆ. ಹನ್ನೆರಡು ವರ್ಷದ ಹುಡುಗನೊಬ್ಬ ಗೆಳೆಯನನ್ನು ಉಳಿಸಿಕೊಳ್ಳಲು ಅಲ್ಲ, ತನ್ನಿಂದ ದೂರ ಕಳುಹಿಸಲು ಜಗಳಕ್ಕೆ ನಿಲ್ಲುವುದನ್ನು ನಾನು ಬೇರೆ ಯಾವ ಚಿತ್ರದಲ್ಲೂ ಇಷ್ಟು ನೇರವಾಗಿ ಕಂಡಿಲ್ಲ. ನಮ್ಮ ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆಯ ಕಾಲವನ್ನು ಕಂಡವರಿಗೆ ಈ ದೃಶ್ಯಕ್ಕೆ ಟಿಪ್ಪಣಿ ಬೇಡ. ಜೂನ್ ತಿಂಗಳಲ್ಲಿ ಎಂಟನೆಯ ತರಗತಿಯ ಹಾಜರಿ ಕರೆಯುವಾಗ ಯಾವ ಹೆಸರುಗಳು ಬರುವುದಿಲ್ಲ ಎನ್ನುವುದು ಮಾರ್ಚ್‌ನಲ್ಲೇ ನಮಗೆ ಗೊತ್ತಿರುತ್ತಿತ್ತು.

ಮಂಗಳೂರು, ಬ್ಯಾಂಕ್ ಉದ್ಯೋಗಿ

ಮೇಷ್ಟ್ರ ವಾದ ಆಕರ್ಷಕವಾಗಿದೆ, ಆದರೆ ಚಿತ್ರವೇ ಅದಕ್ಕೆ ಅಡ್ಡ ನಿಲ್ಲುತ್ತದೆ. ಕ್ರಿಸ್ ಕೊನೆಗೆ ಕೈಕೆಲಸದ ತರಗತಿಗೆ ಹೋಗಲೇ ಇಲ್ಲ. ಗೋರ್ಡಿಯ ಜೊತೆಗೇ ಕಾಲೇಜಿನ ದಾರಿಯ ಪಾಠಗಳಿಗೆ ಸೇರಿ, ಕಷ್ಟಪಟ್ಟು ಓದಿ ವಕೀಲನಾದ. ಅಂದರೆ ಜರಡಿಯಲ್ಲಿ ಇಬ್ಬರೂ ಒಂದೇ ಬದಿಗೆ ಬಿದ್ದರು. ಹಾಗಿದ್ದರೂ ಕ್ರಿಸ್ ಸತ್ತ ಸುದ್ದಿ ಗೋರ್ಡಿಗೆ ತಿಳಿಯುವುದು ಪತ್ರಿಕೆಯಿಂದ; ತಾನು ಅವನನ್ನು ಕಂಡು ಹತ್ತು ವರ್ಷಕ್ಕೂ ಹೆಚ್ಚಾಯಿತು ಎಂದು ಅವನೇ ಹೇಳುತ್ತಾನೆ. ಒಂದೇ ಏಣಿಯನ್ನು ಒಟ್ಟಿಗೆ ಹತ್ತಿದ ಇಬ್ಬರು ಹತ್ತು ವರ್ಷ ಪರಸ್ಪರ ಮುಖ ನೋಡದೆ ಇದ್ದದ್ದಕ್ಕೆ ಶಾಲೆಯನ್ನು ಹೇಗೆ ದೂರುವುದು? ನನಗೆ ಕಾಣುವಂತೆ ಇದಕ್ಕೆ ಕಾರಣ ಬಹಳ ಸಾಮಾನ್ಯವಾದದ್ದು: ಕೆಲಸ, ಮದುವೆ, ವರ್ಗಾವಣೆ, ಸೋಮಾರಿತನ. ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು, ನನ್ನಂತೆಯೇ ಪದವಿ ಪಡೆದು, ಇದೇ ಮಂಗಳೂರಿನ ಮತ್ತೊಂದು ಬಡಾವಣೆಯಲ್ಲಿ ಮನೆ ಕಟ್ಟಿಕೊಂಡವರನ್ನು ನಾನು ಕಾಣುವುದು ಮದುವೆ ಹಾಲ್‌ನ ಊಟದ ಸಾಲಿನಲ್ಲಿ ಮಾತ್ರ.

ಪಡುಬಿದ್ರಿ, ಹಿಂದೆ ಮುಂಬಯಿ

ನನಗೆ ಸಿನಿಮಾ ವಿಮರ್ಶೆಯ ಅಭ್ಯಾಸವಿಲ್ಲ, ಈ ಚಿತ್ರವನ್ನು ಮಗನ ಒತ್ತಾಯಕ್ಕೆ ನೋಡಿದವನು. ಆದರೆ ಮೇಷ್ಟ್ರು ಹಾಜರಿಯಲ್ಲಿ ಬಾರದ ಹೆಸರುಗಳೆಂದು ಬರೆದಿದ್ದಾರಲ್ಲ, ಅಂಥ ಒಂದು ಹೆಸರು ನನ್ನದಾದ್ದರಿಂದ ಬರೆಯಬೇಕೆನಿಸಿತು.

ಏಳನೆಯದು ಮುಗಿಸಿದ ಬೇಸಿಗೆಯಲ್ಲೇ ಊರಿನವರೊಬ್ಬರ ಜೊತೆ ಬಸ್ಸು ಹತ್ತಿ ಬೊಂಬಾಯಿಗೆ ಹೋದವನು ನಾನು. ಹಗಲಿಡೀ ಒಂದು ಕ್ಯಾಂಟೀನಿನಲ್ಲಿ ಗ್ಲಾಸು ತೊಳೆಯುವುದು, ಸಂಜೆ ಕೈಯ ಸಾಬೂನಿನ ವಾಸನೆ ಹೋಗುವ ಮೊದಲೇ ಕನ್ನಡ ರಾತ್ರಿ ಶಾಲೆಯ ಬೆಂಚಿಗೆ ಓಡುವುದು. ತುಳುನಾಡಿನ ಎಷ್ಟೋ ಮಂದಿ ಹೀಗೆಯೇ ಮೆಟ್ರಿಕ್ ಮುಗಿಸಿದವರು, ಅದರಲ್ಲಿ ವಿಶೇಷವೇನೂ ಇಲ್ಲ. ಊರಿನಲ್ಲಿ ಉಳಿದ ನನ್ನ ಗೆಳೆಯ ದೋಣಿಗೆ ಹೋಗತೊಡಗಿದ. ಮೊದಲು ಇನ್‌ಲ್ಯಾಂಡ್ ಕಾಗದ ಬರುತ್ತಿತ್ತು, ಆಮೇಲೆ ನಿಂತಿತು. ಕೆಲವು ವರ್ಷ ಬಿಟ್ಟು ರಜೆಯಲ್ಲಿ ಬಂದಾಗ ಅವನ ಮನೆಗೆ ಹೋದೆ. ನಾವು ಯಾವಾಗಲೂ ಕೂರುತ್ತಿದ್ದ ಜಗಲಿಯ ತುದಿಯಲ್ಲಿ ಕೂರಲು ಹೋದರೆ ಅವನು ತಡೆದು, ಒಳಗಿನಿಂದ ಕುರ್ಚಿ ತಂದು, ಹೆಗಲ ಬೈರಾಸಿನಿಂದ ಅದನ್ನು ಒರೆಸಿ ಇಟ್ಟ. ತಾನು ನಿಂತೇ ಮಾತನಾಡಿದ. ಜಗಳವಿಲ್ಲ, ಮುನಿಸಿಲ್ಲ, ಪ್ರೀತಿ ಕಡಿಮೆಯಾಗಿರಲಿಲ್ಲ ಎಂದೇ ಇವತ್ತಿಗೂ ನಂಬಿದ್ದೇನೆ. ಆದರೂ ಆ ಕುರ್ಚಿಯಲ್ಲಿ ಕೂತ ಮೇಲೆ ಮೊದಲಿನಂತೆ ಮಾತು ಹೊರಡಲಿಲ್ಲ.

ಬ್ಯಾಂಕಿನವರು ಹೇಳುವಂತೆ ಸೋಮಾರಿತನವೂ ಇರಬಹುದು. ಆದರೆ ಸಮಾನರ ನಡುವಿನ ಸೋಮಾರಿತನ ಒಂದು ಮದುವೆಯ ಊಟದಲ್ಲಿ ಸರಿಹೋಗುತ್ತದೆ. ಕುರ್ಚಿ ತರಿಸುವ ದೂರ ಹಾಗೆ ಸರಿಹೋಗುವುದಿಲ್ಲ. ಚಿತ್ರದಲ್ಲಿ ಟೆಡ್ಡಿ, ವರ್ನ್ ಇಬ್ಬರೂ ಶಾಲೆಯ ಓಣಿಯಲ್ಲಿ ಎದುರಾಗುವ ಬರೀ ಎರಡು ಮುಖಗಳಾಗಿ ಉಳಿದರು ಎಂದು ಗೋರ್ಡಿ ಹೇಳುವ ಜಾಗದಲ್ಲಿ ನನಗೆ ಈ ವ್ಯತ್ಯಾಸ ಕಂಡಿತು. ಕ್ರಿಸ್ ದೂರವಾದ ಬಗ್ಗೆ ಅವನಿಗೆ ದುಃಖವಿದೆ. ಇವರಿಬ್ಬರು ದೂರವಾದದ್ದನ್ನು ಅವನು ವರದಿ ಮಾಡುತ್ತಾನೆ, ಅಷ್ಟೆ.

ಸುರತ್ಕಲ್, ಛಾಯಾಗ್ರಾಹಕ

ನೀವೆಲ್ಲ ಸಮಾಜಶಾಸ್ತ್ರದ ಕಡೆಗೆ ವಾಲಿದ್ದೀರಿ, ಚಿತ್ರವನ್ನು ಚಿತ್ರವಾಗಿಯೂ ಸ್ವಲ್ಪ ನೋಡಬೇಕು. ಈ ವಾದಕ್ಕೆ ನನ್ನ ಸಾಕ್ಷಿ ರೈಲು ಸೇತುವೆಯ ದೃಶ್ಯ. ಊರಿನ ದೃಶ್ಯಗಳು ಆರಿಗನ್‌ನ ಬ್ರೌನ್ಸ್‌ವಿಲ್‌ನಲ್ಲಿ ಚಿತ್ರೀಕರಣವಾದವು, ಸೇತುವೆ ಮಾತ್ರ ಕ್ಯಾಲಿಫೋರ್ನಿಯಾದ ಲೇಕ್ ಬ್ರಿಟನ್ ಮೇಲಿನದು. ದೂರದಿಂದ ಟೆಲಿಫೋಟೋ ಲೆನ್ಸ್ ಇಟ್ಟು ತೆಗೆದದ್ದರಿಂದ ಹುಡುಗರಿಗೂ ಎಂಜಿನ್ನಿಗೂ ನಡುವಿನ ಅಂತರ ಮಡಚಿಕೊಂಡು, ರೈಲು ಬೆನ್ನಿಗೇ ತಾಗಿದಂತೆ ಕಾಣುತ್ತದೆ. ಆದರೆ ನಾನು ಹೇಳಹೊರಟದ್ದು ಅದಲ್ಲ. ಯಾರು ಎಲ್ಲಿದ್ದಾರೆ ನೋಡಿ. ಕ್ರಿಸ್ ಮತ್ತು ಟೆಡ್ಡಿ ಮುಂದಿದ್ದಾರೆ. ವರ್ನ್ ಹೆದರಿ ಅಂಬೆಗಾಲಿಡುತ್ತಿದ್ದಾನೆ. ಅವನ ಹಿಂದೆ ಗೋರ್ಡಿ ಇದ್ದಾನೆ, ರೈಲಿಗೆ ಎಲ್ಲರಿಗಿಂತ ಹತ್ತಿರ, ವರ್ನ್‌ನನ್ನು ಎಬ್ಬಿಸಿ ಓಡಿಸದೆ ತಾನು ಮುಂದೆ ಹೋಗುವಂತಿಲ್ಲ, ಹೋಗುವುದೂ ಇಲ್ಲ. ಮುಂದೆ ‘ಬರೀ ಒಂದು ಮುಖ’ವಾಗಲಿರುವ ಆ ವರ್ನ್‌ನಿಗಾಗಿ ಹನ್ನೆರಡರ ಗೋರ್ಡಿ ಪ್ರಾಣ ಪಣಕ್ಕಿಟ್ಟಿದ್ದ. ಪಡುಬಿದ್ರಿಯವರು ಹೇಳಿದ ವರದಿಯ ಧ್ವನಿ ಕೇಳಿಸುವಾಗ ಈ ದೃಶ್ಯವನ್ನು ನೆನೆಸಿಕೊಂಡರೆ ಚಿತ್ರ ಎಷ್ಟು ನಿಷ್ಠುರವಾದದ್ದೆಂದು ತಿಳಿಯುತ್ತದೆ.

ಅಂದಹಾಗೆ, ಮಂಗಳೂರಿಗೆ 1907ರಲ್ಲೇ ರೈಲು ಬಂದಿದ್ದರಿಂದ ನೇತ್ರಾವತಿಯ ರೈಲು ಸೇತುವೆಯ ಮೇಲೆ ನಡೆದು ಹೋದವರ ಸಾಹಸದ ಕಥೆಗಳನ್ನು ನಾವು ಕೇಳಿ ಬೆಳೆದೆವು. ಉಡುಪಿಯ ಹುಡುಗರಿಗೆ ಆ ಭಾಗ್ಯ ಕೊಂಕಣ ರೈಲಿನವರೆಗೆ ಇರಲಿಲ್ಲ.

ಕಾರ್ಕಳ, ಕಾಲೇಜು ಅಧ್ಯಾಪಕಿ

ಇಷ್ಟೂ ಮಾತಿನಲ್ಲಿ ಒಂದು ವಿಷಯ ಯಾರ ಬಾಯಲ್ಲೂ ಬರಲಿಲ್ಲ ಎಂಬುದೇ ನನಗೆ ಆಶ್ಚರ್ಯ. ಮನೆಯವರಿಗೆ ಸುಳ್ಳು ಹೇಳಿ, ಒಂದು ರಾತ್ರಿ ಕಾಡಿನಲ್ಲಿ ಕಳೆದು, ಮರುದಿನ ಹೆಣ ನೋಡಿ ಬರುವ ‘ದೊಡ್ಡವರಾಗುವ’ ದಾರಿ ಗಂಡುಮಕ್ಕಳಿಗೆ ಮಾತ್ರ ತೆರೆದದ್ದು. ನಾನು ಹನ್ನೆರಡರಲ್ಲಿದ್ದಾಗ ನಮ್ಮ ವಠಾರದ ಹುಡುಗಿಯರ ಗೆಳೆತನಕ್ಕೆ ಹಳಿಯೂ ಇರಲಿಲ್ಲ, ಸೇತುವೆಯೂ ಇರಲಿಲ್ಲ, ಬೀಡಿ ಕಟ್ಟುವ ತಡ್ಪೆ (ಮೊರ) ಇತ್ತು. ಶಾಲೆಯಿಂದ ಬಂದವರೇ ಜಗಲಿಯಲ್ಲಿ ಸಾಲಾಗಿ ಕೂತು, ನೆನೆಸಿದ ಎಲೆಯ ಮೇಲೆ ತಗಡಿನ ಅಳತೆ ಇಟ್ಟು ಕತ್ತರಿ ಆಡಿಸಿ, ಹೊಗೆಸೊಪ್ಪು ಉದುರಿಸಿ, ಸುರುಟಿ, ನೂಲು ಸುತ್ತುತ್ತಿದ್ದೆವು. ಬಾಯಿ ಮಾತ್ರ ಸ್ವತಂತ್ರ. ಒಬ್ಬಳ ಕಟ್ಟು ಕಡಿಮೆ ಬಿದ್ದರೆ ಇನ್ನೊಬ್ಬಳು ತನ್ನದರಿಂದ ತುಂಬಿಸಿ ಬೀಡಿ ಕಂಪನಿಯ ಬ್ರಾಂಚಿಗೆ ಕಳುಹಿಸುತ್ತಿದ್ದಳು, ಲೆಕ್ಕ ಮರುದಿನಕ್ಕೆ. ಗೋರ್ಡಿ ಬೆಂಕಿಯ ಮುಂದೆ ಕೂತು ಕಥೆ ಹೇಳುತ್ತಾನಲ್ಲ, ಅಂಥ ಕಥೆಗಳು ನಮ್ಮಲ್ಲೂ ಇದ್ದವು, ಕೈ ನಿಲ್ಲಿಸದೆ ಹೇಳಬೇಕಿತ್ತು ಅಷ್ಟೆ. ಆ ಸಾಲಿನಲ್ಲಿ ಓದು ಮುಂದುವರಿಸಿದವಳು ನಾನು. ಉಳಿದವರನ್ನು ಒಬ್ಬೊಬ್ಬರಾಗಿ ಮದುವೆ ಚದುರಿಸಿತು. ಆದ್ದರಿಂದ ಮೇಷ್ಟ್ರ ಜರಡಿಯ ವಾದವನ್ನು ನಾನು ಒಪ್ಪುತ್ತೇನೆ, ಆದರೆ ಆ ಜರಡಿಯ ಕಣ್ಣುಗಳು ಶಾಲೆಯದು ಮಾತ್ರವಲ್ಲ.

ಇನ್ನೊಂದು, ಇದು ಅಧ್ಯಾಪಕರಿಗೇ ಸಂಬಂಧಿಸಿದ್ದು. ಚಿತ್ರದ ಅತಿ ಕಠಿಣ ದೃಶ್ಯ ಹೆಣದ್ದಲ್ಲ, ಹಾಲಿನ ದುಡ್ಡಿನದು. ಶಾಲೆಯ ಹಾಲಿನ ಹಣ ಕದ್ದವನೆಂದು ಕ್ರಿಸ್‌ನನ್ನು ಅಮಾನತು ಮಾಡಿರುತ್ತಾರೆ. ರಾತ್ರಿ ಕಾವಲಿನ ಹೊತ್ತಿನಲ್ಲಿ ಅವನು ಗೋರ್ಡಿಗೆ ನಿಜ ಹೇಳುತ್ತಾನೆ: ಕದ್ದದ್ದು ಹೌದು, ಆದರೆ ಮನಸ್ಸು ತಡೆಯದೆ ಹಣವನ್ನು ಟೀಚರಿಗೇ ಹಿಂದಿರುಗಿಸಿದ್ದೆ, ಆಮೇಲೆ ಆ ಟೀಚರು ಹೊಸ ಲಂಗ ಉಟ್ಟು ಶಾಲೆಗೆ ಬಂದರು. ತಾನು ಹೇಳಿದರೆ ಯಾರು ನಂಬುತ್ತಾರೆ ಎಂದು ಅವನು ಬಾಯಿ ಮುಚ್ಚಿಕೊಂಡ. ಕ್ರಿಸ್‌ನ ಪಾತ್ರ ಮಾಡಿದ ರಿವರ್ ಫೀನಿಕ್ಸ್ ಆ ದೃಶ್ಯದಲ್ಲಿ ಅಳುವ ರೀತಿಯನ್ನು ನೋಡಿ: ಸುಳ್ಳು ಆರೋಪಕ್ಕಾಗಿ ಅಲ್ಲ, ತನ್ನನ್ನು ಯಾರೂ ಅರಿಯದ ಊರಿಗೆ ಹೋಗಬೇಕೆಂದು ಅಳುತ್ತಾನೆ. ಮನೆತನದ ಹೆಸರು ಮಗುವಿಗಿಂತ ಮೊದಲು ತರಗತಿಯೊಳಗೆ ಬಂದು ಕೂರುವುದನ್ನು ನಾವೂ ಕಂಡಿದ್ದೇವೆ, ‘ಇವನ ಅಣ್ಣನೂ ಹಾಗೆಯೇ’ ಎಂದು ಸ್ಟಾಫ್ ರೂಮಿನಲ್ಲಿ ಹೇಳುವ ಮಾತಿಗೆ ತಲೆಯನ್ನೂ ಆಡಿಸಿದ್ದೇವೆ.

ಮಂಗಳೂರು, ಬ್ಯಾಂಕ್ ಉದ್ಯೋಗಿ

ಕುರ್ಚಿಯ ಪ್ರಸಂಗ ಓದಿದ ಮೇಲೆ ನನ್ನ ವಾದವನ್ನು ತುಸು ಸಡಿಲಿಸುತ್ತೇನೆ, ಕೈಬಿಡುವುದಿಲ್ಲ. ನೀವೆಲ್ಲ ಕ್ರಿಸ್‌ನ ಕಡೆಯಿಂದ ನೋಡುತ್ತಿದ್ದೀರಿ. ಗೋರ್ಡಿಯ ಮನೆಗೆ ಅನ್ನದ ಕೊರತೆ ಇರಲಿಲ್ಲ, ಹೆಸರಿಗೂ ಕಳಂಕವಿರಲಿಲ್ಲ. ಅವನಿಗೆ ಗೆಳೆಯರು ಬೇಕಾದದ್ದು ಅಣ್ಣ ಡೆನ್ನಿ ಸತ್ತ ಮೇಲೆ ಮನೆಯಲ್ಲಿ ತಾನು ಕಾಣದವನಾಗಿಬಿಟ್ಟದ್ದರಿಂದ. ಅಪ್ಪನ ಪಾಲಿಗೆ ಉಳಿದ ಮಗ ತಪ್ಪಾದ ಮಗ. ರೇ ಬ್ರೋವರ್‌ನ ಹೆಣದ ಮುಂದೆ ಕೂತು ಅವನು ಅಳುವುದು ಆ ಅಪರಿಚಿತ ಹುಡುಗನಿಗಾಗಿ ಅಲ್ಲ, ಅಣ್ಣನ ಸಾವಿನಲ್ಲಿ ಅಳಲಾಗದೆ ಉಳಿದದ್ದನ್ನು ಅಲ್ಲಿ ಅಳುತ್ತಾನೆ. ಅಪ್ಪನಿಗೆ ತಾನು ಬೇಡ ಎಂದಾಗ, ಅವರಿಗೆ ನೀನು ಯಾರೆಂದೇ ಗೊತ್ತಿಲ್ಲ ಎಂದು ಕ್ರಿಸ್ ತಬ್ಬಿ ಸಮಾಧಾನ ಮಾಡುತ್ತಾನೆ. ಅಂಥ ಗಾಯ ಮಾಗಿದ ಮೇಲೆ ಅದಕ್ಕೆ ಸಾಕ್ಷಿಯಾದವರಿಂದ ಮನುಷ್ಯ ಸ್ವಲ್ಪ ದೂರ ಇರಲು ಬಯಸುವುದೂ ಉಂಟು. ಹತ್ತು ವರ್ಷದ ಮೌನಕ್ಕೆ ಇದೂ ಒಂದು ಕಾರಣವಾಗಿರಬಾರದೇಕೆ?

ಉಡುಪಿ, ನಿವೃತ್ತ ಪ್ರೌಢಶಾಲಾ ಅಧ್ಯಾಪಕ

ಹತ್ತು ವರ್ಷದ ಪ್ರಶ್ನೆ ನಿಜಕ್ಕೂ ಗಟ್ಟಿಯಾದದ್ದು. ಅದಕ್ಕೆ ನೇರ ಉತ್ತರ ಚಿತ್ರದಲ್ಲಿಲ್ಲ. ಆದರೆ ಕ್ರಿಸ್ ಸತ್ತ ಬಗೆಯನ್ನು ನೋಡಬೇಕು. ಉಪಾಹಾರ ಗೃಹವೊಂದರಲ್ಲಿ ಇಬ್ಬರು ಜಗಳವಾಡುತ್ತಿದ್ದಾಗ ಬಿಡಿಸಲು ಹೋಗಿ ಇರಿತಕ್ಕೆ ಸಿಕ್ಕಿ ಸಾಯುತ್ತಾನೆ. ಹನ್ನೆರಡರಲ್ಲಿ ಟೆಡ್ಡಿಯನ್ನು ರೈಲಿನ ಮುಂದಿನಿಂದ ಎಳೆದು ತಂದವನೂ ಅವನೇ, ಗೆಳೆಯರ ನಡುವಿನ ಜಗಳಗಳನ್ನು ತಣಿಸುತ್ತಿದ್ದವನೂ ಅವನೇ. ವಕೀಲನಾದ ಮೇಲೂ ಅವನು ಕ್ಯಾಸಲ್ ರಾಕ್‌ನ ಕ್ರಿಸ್ ಆಗಿಯೇ ಉಳಿದಿದ್ದ, ಗೋರ್ಡಿ ಮಾತ್ರ ಬದಲಾಗಿದ್ದ ಎಂದು ನಾನು ಓದಿಕೊಳ್ಳುತ್ತೇನೆ. ಒಂದೇ ಏಣಿ ಎಂದಿರಿ. ಗೋರ್ಡಿ ಏಣಿಯ ನಡುವಿನ ಮೆಟ್ಟಿಲಿನಿಂದ ಹೊರಟವನು, ಕ್ರಿಸ್ ನೆಲದಿಂದ.

ನಮ್ಮದೇ ಹತ್ತಿರದ ಉದಾಹರಣೆ ಕೊಡುತ್ತೇನೆ. ಸೋಮೇಶ್ವರದ ಘಾಟಿ ಹತ್ತಿದರೆ ಸಿಗುವ ಆಗುಂಬೆಯಲ್ಲಿ ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಚಿತ್ರೀಕರಿಸಿದ್ದು ಹೆಚ್ಚುಕಡಿಮೆ ಇದೇ ಕಾಲದಲ್ಲಿ. ಆಗುಂಬೆಗೆ ರೈಲಿಲ್ಲದ ಕಾರಣ ನಿಲ್ದಾಣದ ದೃಶ್ಯಗಳಿಗೆ ಅರಸಾಳಿಗೆ ಹೋದರು. ಆರ್. ಕೆ. ನಾರಾಯಣ್ ಅವರ ಸ್ವಾಮಿಯ ಕಥೆಯೂ ರೈಲಿನಲ್ಲೇ ಮುಗಿಯುತ್ತದೆ. ರಾಜಂ ಪೊಲೀಸ್ ಅಧಿಕಾರಿಯ ಮಗ, ತಂದೆಗೆ ವರ್ಗವಾಗಿದೆ, ರೈಲು ಹೊರಟಿದೆ. ಮುನಿಸಿಕೊಂಡ ಗೆಳೆಯನಿಗೆ ಒಂದು ಪುಸ್ತಕ ತಲುಪಿಸಲು ಸ್ವಾಮಿ ಪ್ಲಾಟ್‌ಫಾರ್ಮಿನ ಮೇಲೆ ಒದ್ದಾಡುತ್ತಾನೆ. ರಾಜಂ ಹೊರಟದ್ದು ಸ್ವಾಮಿಯ ಮೇಲಿನ ಸಿಟ್ಟಿನಿಂದಲ್ಲ, ಸರಕಾರಿ ಆದೇಶದಿಂದ. ಆದರೆ ಸ್ವಾಮಿಗೆ ಅದು ಗೊತ್ತಾದರೂ ಸಮಾಧಾನವಾಗುವುದಿಲ್ಲ. ಎರಡೂ ಕಡೆ ಅಗಲಿಕೆಯ ಕಾರಣ ಮಕ್ಕಳ ಕೈಯಲ್ಲಿಲ್ಲ, ದುಃಖದ ಭಾರ ಮಾತ್ರ ಅವರ ತಲೆಯ ಮೇಲೆ.

ಸುರತ್ಕಲ್, ಛಾಯಾಗ್ರಾಹಕ

ಪಿಸ್ತೂಲಿನ ವಿಷಯ ಬಿಟ್ಟುಹೋಗಿದೆ. ಮೂಲ ಕಥೆಯಲ್ಲಿ, ಅದೇ ಹೆಣವನ್ನು ವಶಮಾಡಿಕೊಳ್ಳಲು ಬರುವ ಏಸ್ ಮೆರಿಲ್ ಎಂಬ ಪುಂಡನ ಗುಂಪನ್ನು ಪಿಸ್ತೂಲು ಹಿಡಿದು ಎದುರಿಸುವವನು ಕ್ರಿಸ್. ಚಿತ್ರದಲ್ಲಿ ಅದನ್ನು ಗೋರ್ಡಿಯ ಕೈಗೆ ಕೊಟ್ಟಿದ್ದಾರೆ. ಚಿತ್ರಕಥೆಯ ದೃಷ್ಟಿಯಿಂದ ಇದು ಸರಿಯಾದ ಬದಲಾವಣೆ ಎಂದೇ ನನ್ನ ಭಾವನೆ, ಏಕೆಂದರೆ ಅಷ್ಟು ಹೊತ್ತು ಕಾಯಲ್ಪಟ್ಟವನು ಅಲ್ಲಿ ಒಮ್ಮೆ ಕಾಯುವವನಾಗುತ್ತಾನೆ.

ಕಾರ್ಕಳ, ಕಾಲೇಜು ಅಧ್ಯಾಪಕಿ

ನನಗೆ ಆ ಬದಲಾವಣೆಯ ಬಗ್ಗೆ ಅನುಮಾನವಿದೆ. ಕಥೆ ಹೇಳುವವನ ಕೈಗೇ ಪಿಸ್ತೂಲನ್ನೂ ಕೊಟ್ಟರೆ ಕ್ರಿಸ್‌ನಿಂದ ಅವನ ಒಂದು ಧೈರ್ಯವನ್ನು ಕಿತ್ತುಕೊಂಡಂತಾಯಿತು. ಬದುಕಿ ಉಳಿದು ಬರೆಯುವವನಿಗೆ ಸಿಗುವ ಅನುಕೂಲಗಳಲ್ಲಿ ಇದೂ ಒಂದು. ಆದರೆ ಇನ್ನೊಂದು ಬದಲಾವಣೆಯನ್ನು ಮನಸಾರೆ ಮೆಚ್ಚುತ್ತೇನೆ. ಕಿಂಗ್ ಅವರ ಕಥೆಯಲ್ಲಿ ವರ್ನ್, ಟೆಡ್ಡಿ ಇಬ್ಬರೂ ಸಣ್ಣ ಪ್ರಾಯದಲ್ಲೇ ಸಾಯುತ್ತಾರೆ, ಗೋರ್ಡಿ ಒಬ್ಬನೇ ಉಳಿಯುತ್ತಾನೆ. ಚಿತ್ರ ಅವರನ್ನು ಬದುಕಿಸುತ್ತದೆ. ವರ್ನ್ ಮದುವೆಯಾಗಿ, ಮಕ್ಕಳಾಗಿ, ಮರದ ಮಿಲ್ಲಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾನೆ. ಟೆಡ್ಡಿಯನ್ನು ಕಣ್ಣು ಮತ್ತು ಕಿವಿಯ ದೆಸೆಯಿಂದ ಸೇನೆ ತಿರಸ್ಕರಿಸುತ್ತದೆ, ಸ್ವಲ್ಪ ಕಾಲ ಜೈಲು ಕಂಡು, ಊರಿನಲ್ಲೇ ಸಿಕ್ಕ ಕೆಲಸ ಮಾಡಿಕೊಂಡಿರುತ್ತಾನೆ. ಅಂದರೆ ಗೋರ್ಡಿ ‘ಅಂಥ ಗೆಳೆಯರು ಮತ್ತೆ ಸಿಗಲಿಲ್ಲ’ ಎಂದು ಕಂಪ್ಯೂಟರಿನ ಮುಂದೆ ಕೂತು ಬರೆಯುವಾಗ ಆ ಗೆಳೆಯರಲ್ಲಿ ಇಬ್ಬರು ಇನ್ನೂ ಕ್ಯಾಸಲ್ ರಾಕ್‌ನಲ್ಲೇ ಇದ್ದಾರೆ. ಹೊರಗೆ ಅವನ ಮಗ ಈಜಲು ಹೊರಡಲು ಕಾಯುತ್ತಿದ್ದಾನೆ, ಕಾರೂ ಇದೆ. ಕ್ರಿಸ್‌ಗಾಗಿ ಅವನು ಪಡುವ ಶೋಕ ನಿಜವಾದದ್ದೇ ಇರಬಹುದು. ಆದರೆ ವರ್ನ್‌ನ ಮನೆಗೆ ಹೋಗಲು ಅವನನ್ನು ತಡೆಯುವುದು ಸಾವಲ್ಲ, ಪಡುಬಿದ್ರಿಯವರ ಗೆಳೆಯ ಒರೆಸಿಟ್ಟ ಆ ಕುರ್ಚಿ.

ಪಡುಬಿದ್ರಿ, ಹಿಂದೆ ಮುಂಬಯಿ

ಅಮ್ಮಾ, ಅದನ್ನು ಗೋರ್ಡಿಗೆ ಮಾತ್ರ ಹೇಳಿದಿರೋ ನನಗೂ ಸೇರಿಸಿ ಹೇಳಿದಿರೋ ತಿಳಿಯಲಿಲ್ಲ, ಎರಡಾದರೂ ಬೇಸರವಿಲ್ಲ. ಒಂದನ್ನು ಮಾತ್ರ ಸೇರಿಸುತ್ತೇನೆ. ವರ್ನ್‌ಗೆ ಗೋರ್ಡಿ ಬರಬೇಕೆಂಬ ಆಸೆ ಇತ್ತೆಂದು ನಾವು ಎಲ್ಲರೂ ಊಹಿಸಿಕೊಂಡೇ ಮಾತನಾಡುತ್ತಿದ್ದೇವೆ. ಅವನಿಗೆ ಮಿಲ್ಲಿನಲ್ಲಿ ಬೇರೆ ಗೆಳೆಯರು ಸಿಕ್ಕಿರಬಹುದು. ನನ್ನ ಗೆಳೆಯನಿಗೆ ದೋಣಿಯಲ್ಲಿ ಸಿಕ್ಕಿದ್ದರು. ನಾನು ಹೋದ ದಿನವೂ ಅವರು ಅಂಗಳದಲ್ಲಿ ಬಲೆ ಹರಡಿ ರಿಪೇರಿ ಮಾಡುತ್ತಿದ್ದರು, ನನ್ನನ್ನು ಕಳುಹಿಸಿದವನೇ ಅವನು ಅಲ್ಲಿಗೆ ಹೋಗಿ ಕೂತ.